ದೋಷದ ಕಾಲಮ್ಮಿನಲ್ಲಿ ನಾನು ಬರೆದದ್ದು

ಮನುಷ್ಯರ ಕೈ ನೋಡುವ ಚಾಳಿ ನನಗೆ ನಿವೃತ್ತಿಯಾದ ಮೇಲೂ ಹೋಗಿಲ್ಲ. ಹೋಟೆಲಿನ ಮಾಣಿ ನಾಲ್ಕು ಲೋಟ ಒಟ್ಟಿಗೆ ಹಿಡಿದು ಬರುವಾಗ, ಟೈಲರು ಸೂಜಿಗೆ ದಾರ ಪೋಣಿಸುವಾಗ ನನ್ನ ಕಣ್ಣು ಮುಖದ ಮೇಲೆ ನಿಲ್ಲುವುದಿಲ್ಲ, ಬೆರಳಿಗೆ ಇಳಿಯುತ್ತದೆ. ಮಗನಿಗೆ ಹೆಣ್ಣು ನೋಡಲು ಹೋದಾಗಲೂ ಹೀಗೇ ಆಯಿತು. ಹುಡುಗಿ ಕಾಫಿ ತಟ್ಟೆ ತಂದಳು, ನಾನು ಅವಳ ಮಣಿಕಟ್ಟು ನೋಡುತ್ತ ಕೂತೆ. ವಾಪಸು ಬರುವಾಗ ಹೆಂಡತಿ ಬಸ್ಸಿನಲ್ಲೇ ಶುರು ಮಾಡಿದಳು. "ಅಲ್ಲಾ ಕಣ್ರೀ, ಸೊಸೆ ನೋಡಕ್ಕೆ ಬಂದಿದ್ರೋ, ಗೋಲ್‌ಕೀಪರ್ ನೋಡಕ್ಕೆ ಬಂದಿದ್ರೋ?" ನಾನೇನು ಮಾಡಲಿ, ಜೀವಮಾನವೆಲ್ಲ ಅದೇ ಕೆಲಸ ಮಾಡಿದವನು.

ಇನ್ನೊಂದು ಚಾಳಿ ಇದೆ. ಅದು ಕೆಲಸದಿಂದ ಬಂದದ್ದಲ್ಲ, ಒಂದು ಬೆಳಗಿನಿಂದ ಬಂದದ್ದು. ಬೆನ್ನ ಹಿಂದೆ ಯಾರಾದರೂ ತಗಡು ಬಡಿದರೆ ನಾನು ನಿಂತುಬಿಡುತ್ತೇನೆ. ಹೋದ ತಿಂಗಳು ಹಾಸನದಲ್ಲಿ ರಸ್ತೆ ದಾಟುತ್ತಿದ್ದೆ. ಅಂಗಡಿಯವನೊಬ್ಬ ಖಾಲಿ ಎಣ್ಣೆ ಡಬ್ಬದ ಅಂಚು ಬಡಿದು ಸರಿ ಮಾಡುತ್ತಿದ್ದ. ನಡುರಸ್ತೆಯಲ್ಲಿ ಎರಡು ಕಾಲು ಜೋಡಿಸಿ, ಉಸಿರು ಹಿಡಿದು ನಿಂತೆ. ಆಟೋದವನು ಬ್ರೇಕು ಹಾಕಿ, "ಏನ್ ಯಜಮಾನ್ರೇ, ಮನೇಲಿ ಹೇಳ್ಬುಟ್ಟು ಬಂದಿದೀರಾ?" ಎಂದು ಬೈದ. ಬೈದದ್ದು ಸರಿಯಾಗಿಯೇ ಇತ್ತು. ಹೀಗೆ ನಿಲ್ಲುವುದನ್ನು ನಾನು ಒಬ್ಬ ಹುಡುಗಿಯಿಂದ ಬಿಡಿಸಿದೆ. ಅವಳು ಬಿಟ್ಟದ್ದು ನನಗೆ ಅಂಟಿಕೊಂಡಿದೆ.

ಬಾಳ್ಳುಪೇಟೆಯ ಹೆದ್ದಾರಿಯಿಂದ ನಾಲ್ಕು ಮೈಲಿ ಒಳಗಿದ್ದ ಒಂದು ಹೈಸ್ಕೂಲಿನಲ್ಲಿ ನಾನು ದೈಹಿಕ ಶಿಕ್ಷಣದ ಮೇಷ್ಟ್ರು. ಊರವರ ಬಾಯಲ್ಲಿ ಡ್ರಿಲ್ ಮೇಷ್ಟ್ರು. ಹುಟ್ಟಿದ್ದು ಆಲೂರಿನಿಂದ ಆಚೆ, ರಾಗಿ ಬೆಳೆಯುವ ಬಯಲಿನಲ್ಲಿ. ಬಾಡಿಗೆ ಮನೆ ಬಾಳ್ಳುಪೇಟೆಯಲ್ಲಿ, ಲಾರಿಗಳ ಹಾರ್ನಿನ ನಡುವೆ. ಆ ಶಾಲೆಯ ಮೈದಾನವನ್ನು ಮೈದಾನ ಎಂದು ಕರೆಯಲು ಧೈರ್ಯ ಬೇಕಿತ್ತು. ಅರ್ಧ ಇಳಿಜಾರು, ಮೂರು ಕಡೆ ಕಾಫಿ ತೋಟ. ಚೆಂಡು ಒಮ್ಮೆ ಬೇಲಿ ದಾಟಿದರೆ ಅರ್ಧ ಪೀರಿಯಡ್ಡು ಹುಡುಕುವುದರಲ್ಲೇ ಹೋಗುತ್ತಿತ್ತು. ಗಂಡು ಹುಡುಗರು ವಾಲಿಬಾಲ್ ಆಡಿಕೊಂಡಿದ್ದರು. ಹೆಣ್ಣುಮಕ್ಕಳಿಗೆ ನಾನು ಹ್ಯಾಂಡ್‌ಬಾಲ್ ತಂದೆ.

ಆಟ ಸರಳ. ಒಂದೊಂದು ಕಡೆ ಏಳು ಜನ, ಚೆಂಡನ್ನು ಕೈಯಿಂದ ಎಸೆದು ಗೋಲಿಗೆ ಹಾಕಬೇಕು. ಇದರಲ್ಲಿ ಅಂಚಿನಲ್ಲಿ ಓಡುವ ಆಟಗಾರ್ತಿಯೇ ತಂಡದ ಪ್ರಾಣ. ಎದುರಾಳಿ ಎಸೆದ ಚೆಂಡನ್ನು ನಮ್ಮ ಗೋಲ್‌ಕೀಪರ್ ತಡೆದ ತಕ್ಷಣ ಈಕೆ ಗೆರೆಯ ಪಕ್ಕ ಹಿಡಿದು ಓಟ ಕೀಳಬೇಕು. ಹಿಂದೆ ತಿರುಗಿ ನೋಡುವ ಹಾಗಿಲ್ಲ. ಚೆಂಡು ಬೆನ್ನ ಹಿಂದಿನಿಂದ, ಹೆಗಲ ಮೇಲಿನಿಂದ ಬರುತ್ತದೆ. ಕೊನೆಯ ಗಳಿಗೆಯಲ್ಲಿ ಕತ್ತು ಹೊರಳಿಸಿ, ಓಟ ಮುರಿಯದೆ ಹಿಡಿಯಬೇಕು. ಕಾಲು, ಕೈ, ನಂಬಿಕೆ ಮೂರೂ ಇರುವ ಹುಡುಗಿ ಸಾವಿರಕ್ಕೊಬ್ಬಳು ಸಿಕ್ಕರೆ ಹೆಚ್ಚು.

ಎರಡು ಸಾವಿರದ ಆಸುಪಾಸಿನ ಒಂದು ವರ್ಷ. ಬೆಂಗಳೂರಿನ ಕಡೆಯ ಒಂದು ದೊಡ್ಡ ಕಾರ್ಖಾನೆಯವರು ಹುಡುಗಿಯರ ಹ್ಯಾಂಡ್‌ಬಾಲ್ ತಂಡ ಕಟ್ಟಲು ಹೊರಟಿದ್ದರು. ಆಯ್ಕೆಯಾದವರಿಗೆ ಹಾಸ್ಟೆಲು, ಕಾಲೇಜು, ಆಮೇಲೆ ಕಾಯಂ ನೌಕರಿ. ಆಡುವುದೇ ಕೆಲಸ. ಸಕಲೇಶಪುರ, ಆಲೂರು ಎರಡೂ ತಾಲ್ಲೂಕಿಗೆ ಸೇರಿ ಒಂದೇ ಜಾಗ. ಈ ಸೀಮೆಯಲ್ಲಿ ಆ ಆಟ ಚೆನ್ನಾಗಿ ಬಲ್ಲವನು ನಾನೊಬ್ಬನೇ ಆದ್ದರಿಂದ ಹುಡುಗಿಯರನ್ನು ನೋಡಿ ವರದಿ ಕಳಿಸುವ ಕೆಲಸ ನನಗೆ ಬಂತು. ಅದಕ್ಕೊಂದು ಫಾರಂ ಇತ್ತು. ಎತ್ತರ, ಓಟ, ಕೈ, ಆಟದ ಬುದ್ಧಿ, ಕೊನೆಗೆ ದೋಷ. ಕಾರ್ಖಾನೆಯ ಕೋಚು ಮೊದಲು ಓದುವುದು ಆ ಕೊನೆಯ ಕಾಲಮ್ಮನ್ನೇ ಎಂದು ನನಗೆ ಗೊತ್ತಿತ್ತು. ಜಂಬದಿಂದಲೇ ಹೇಳುತ್ತೇನೆ, ಕಾಗದದ ಮೇಲೆ ನಾನು ಒಂದು ದಿನವೂ ಸುಳ್ಳು ಬರೆದವನಲ್ಲ. ಅಣ್ಣನ ಮಗಳಿಗೇ "ಕಾಲು ಭಾರ, ಉಪಯೋಗವಿಲ್ಲ" ಎಂದು ಬರೆದು ಎರಡು ವರ್ಷ ಅತ್ತಿಗೆಯಿಂದ ಮಾತು ಬಿಡಿಸಿಕೊಂಡವನು.

ಬಿಸಿಲೆಯ ಕಾಡಂಚಿನಿಂದ ಹಿಡಿದು ಆಲೂರಿನ ತನಕ ಶಾಲೆ ಶಾಲೆ ಅಲೆದೆ. ಬಿಸಿಲೆ ಕಡೆ ಒಬ್ಬಳು ಸಿಕ್ಕಿದಳು, ಬಿಟ್ಟರೆ ಗಾಳಿ, ಆದರೆ ಚೆಂಡು ಬಂದರೆ ಕಣ್ಣು ಮುಚ್ಚುವಳು. ಬಾಳ್ಳುಪೇಟೆಯ ಅಂಗಡಿಯವರ ಮಗಳೊಬ್ಬಳು ಎಲ್ಲವನ್ನೂ ಸರಿಯಾಗಿಯೇ ಮಾಡುತ್ತಿದ್ದಳು, ಯಾವುದನ್ನೂ ಚೆನ್ನಾಗಿ ಮಾಡುತ್ತಿರಲಿಲ್ಲ. ನನ್ನ ಪರೀಕ್ಷೆ ಒಂದೇ. ಚೆಂಡನ್ನು ಬಕೆಟ್ಟಿನಲ್ಲಿ ಅದ್ದಿ, ಒದ್ದೆ ಚೆಂಡನ್ನು ಜೋರಾಗಿ ಎಸೆದು ಕಿವಿಗೊಟ್ಟು ಕೇಳುವುದು. ಕೆಟ್ಟ ಕೈಗೆ ಬಿದ್ದರೆ ಚಟ್ ಎನ್ನುತ್ತದೆ. ಒಳ್ಳೆಯ ಕೈಗೆ ಬಿದ್ದರೆ ಸದ್ದೇ ಬರುವುದಿಲ್ಲ.

ಸದ್ದು ಬಾರದ ಕೈ ಕೊನೆಗೆ ನನ್ನ ಶಾಲೆಯಲ್ಲೇ ಸಿಕ್ಕಿತು. ಹತ್ತನೇ ಕ್ಲಾಸಿನ ಹುಡುಗಿ. ಎರಡು ಮೈಲಿ ದೂರದ ಹಳ್ಳಿಯವಳು. ಮನೆಗೆ ಒಂದೂವರೆ ಎಕರೆ ಕಾಫಿ; ಸುಗ್ಗಿಯಲ್ಲಿ ತಾಯಿ ಮಗಳು ಇಬ್ಬರೂ ಪಕ್ಕದ ದೊಡ್ಡ ಎಸ್ಟೇಟಿಗೆ ಹಣ್ಣು ಕೀಳಲು ಹೋಗುತ್ತಿದ್ದರು. ಅಪ್ಪ ಲಾರಿ ಕ್ಲೀನರು, ತಿಂಗಳಿಗೊಮ್ಮೆ ಮನೆ ಕಂಡರೆ ಪುಣ್ಯ. ಹತ್ತು ಸಲ ಎಸೆದೆ, ಹತ್ತು ಸಲವೂ ಚೆಂಡು ಸದ್ದಿಲ್ಲದೆ ಅವಳ ಕೈ ಸೇರಿತು.

"ಎಲ್ಲೇ ಕಲಿತೆ ಇದನ್ನ?"

"ಕಾಫಿ ಕೀಳದ್ರಲ್ಲಿ ಸಾ. ಹಣ್ಣು ಕೈಗೆ ಬರ್ಬೇಕು, ಗೆಣ್ಣು ಮುರೀಬಾರ್ದು. ಮುರುದ್ರೆ ಎಸ್ಟೇಟ್ ರೈಟರು ಬೈತಾರೆ."

ಓಡಿಸಿ ನೋಡಿದೆ, ಮಣ್ಣಿನ ಮೇಲಿನ ಹೆಜ್ಜೆ ನೋಡಿದೆ. ಸ್ಟಾಪ್‌ವಾಚು ಕೆಟ್ಟಿದೆಯೇನೋ ಎಂದು ಅಲುಗಾಡಿಸಿ ಮತ್ತೆ ಓಡಿಸಿದೆ. ಆ ರಾತ್ರಿ ಹೆಂಡತಿಗೆ, "ಸಿಕ್ಕಿದಳು ಕಣೇ" ಎಂದು ಮೂರು ಸಲ ಹೇಳಿದೆನಂತೆ.

ದೋಷ ಕಂಡದ್ದು ಆಲೂರಿನಲ್ಲಿ, ಎರಡೂ ತಾಲ್ಲೂಕಿನ ಶಾಲೆಗಳ ಪಂದ್ಯದ ದಿನ. ಕೊನೆಯ ಎರಡು ನಿಮಿಷ, ಎರಡೂ ಕಡೆ ಗೋಲು ಸಮ. ನಮ್ಮ ಕೀಪರ್ ಚೆಂಡು ತಡೆದು ಉದ್ದಕ್ಕೆ ಎಸೆದಳು. ಇವಳು ಗೆರೆ ಹಿಡಿದು ಹೊರಟಿದ್ದಳು, ಮುಂದೆ ನರಪಿಳ್ಳೆ ಇಲ್ಲ. ಅಷ್ಟರಲ್ಲಿ ಎದುರು ಶಾಲೆಯ ಹುಡುಗರು ಖುಷಿಗೋ ಕೀಟಲೆಗೋ ಸೀಮೆಎಣ್ಣೆ ಡಬ್ಬ ತಂದು ಬಡಿಯತೊಡಗಿದರು. ಅವಳು ನಿಂತಳು. ಓಡುತ್ತಿದ್ದವಳು ಇದ್ದಲ್ಲೇ ಎರಡು ಕಾಲು ಜೋಡಿಸಿ, ಕತ್ತು ಸ್ವಲ್ಪ ವಾರೆ ಮಾಡಿ ಕಂಬದ ಹಾಗೆ ನಿಂತಳು. ಚೆಂಡು ಅವಳ ತಲೆಯ ಮೇಲೆ ಹಾದು ಆಚೆ ಬಿತ್ತು. ಇಡೀ ಮೈದಾನ ಗೊಳ್ಳೆಂದು ನಕ್ಕಿತು. ನಾವು ಸೋತೆವು.

ವಾಪಸು ಬರುವಾಗ ಬಸ್ಸಿನಲ್ಲಿ ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ. ನನ್ನ ಬಾಯಿ ಯಾವಾಗ ಸುಮ್ಮನಿದ್ದೀತು. "ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ, ತಿಳ್ಕೋ" ಎಂದೆ, ಎಲ್ಲರಿಗೂ ಕೇಳುವ ಹಾಗೆ. ಅವಳು ತಲೆ ತಗ್ಗಿಸಿಕೊಂಡೇ ಹೇಳಿದಳು.

"ಸಾ, ಡಬ್ಬ ಬಡುದ್ರೆ ನಿಂತ್ಕಬೇಕು ಅಂತ ಅವ್ವ ಹೇಳ್ಕೊಟ್ಟೈತೆ. ತ್ವಾಟದಲ್ಲಿ ಆನೆ ಇದ್ರೆ ವಾಚರ್ ಡಬ್ಬ ಬಡೀತಾನೆ. ಕೇಳ್ದೋರು ಇದ್ದಲ್ಲೇ ಕಾಲು ಜೋಡ್ಸಿ ನಿಂತ್ಕಬೇಕು. ಉಸ್ರು ಹಿಡ್ದು, ಗಾಳಿ ಎತ್ಲಾಗಿಂದ ಬತ್ತೈತೆ, ಕೊಂಬೆ ಎಲ್ಲಿ ಮುರೀತೈತೆ ಅಂತ ಕೇಳ್ಬೇಕು. ಆಮೇಕೆ ಹಿಂದಕ್ ಹಿಂದಕ್ಕೇ ಬರ್ಬೇಕು. ಓಡ್ಬಾರ್ದು."

"ಆಲೂರು ಮೈದಾನದಲ್ಲಿ ಆನೆ ಎಲ್ಲಿತ್ತೇ?"

"ಗೊತ್ತು ಸಾ. ಕಾಲಿಗೆ ಗೊತ್ತಾಗಲ್ಲ."

ಹುಡುಗಿಯರು ಕಿಸಕ್ಕೆಂದರು. ನಾನೂ ನಕ್ಕೆ. ಬಯಲಿನವನಾದ ನನಗೆ ಆಗ ಆನೆ ಎಂದರೆ ಪೇಪರಿನ ಸುದ್ದಿ.

ಫಾರಂ ತುಂಬುವಾಗ ಅವಳು ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತಳು. ಓಟಕ್ಕೆ, ಕೈಗೆ ಹೊಗಳಿಕೆ ಬರೆದು ಕೊನೆಯ ಕಾಲಮ್ಮಿಗೆ ಬಂದಿದ್ದೆ.

"ಸಾ, ಅದೊಂದು ಬರೀದೆ ಬಿಟ್ಬುಡಿ ಸಾ."

"ಯಾಕೆ ಬಿಡ್ಬೇಕು?"

"ಅಲ್ಲಿ ಬೆಂಗ್ಳೂರಲ್ಲಿ ಯಾರು ಡಬ್ಬ ಬಡೀತಾರೆ ಸಾ."

ಅವಳು ಹೇಳಿದ್ದರಲ್ಲಿ ನ್ಯಾಯವಿತ್ತು. ಈ ಮಾತನ್ನು ನಾನು ಎಷ್ಟು ರಾತ್ರಿ ಮಗುಚಿ ಹಾಕಿದ್ದೇನೋ ನನಗೇ ಗೊತ್ತಿಲ್ಲ. ಆ ಕಾಲಂ ಖಾಲಿ ಬಿಟ್ಟಿದ್ದರೆ ಆ ಹುಡುಗಿ ಒಂದೇ ತಿಂಗಳಲ್ಲಿ ಟ್ರಂಕು ಹಿಡಿದು ಬಸ್ಸು ಹತ್ತುತ್ತಿದ್ದಳು, ಇವತ್ತು ಎಲ್ಲೋ ಮಕ್ಕಳನ್ನು ಸ್ಕೂಲಿಗೆ ಬಿಡುತ್ತಿರುತ್ತಿದ್ದಳು. ನಾನು ಸತ್ಯಸಂಧ ನೋಡಿ! "ಹಿಂದಿನಿಂದ ಸದ್ದಾದರೆ ಓಟ ನಿಲ್ಲಿಸುತ್ತಾಳೆ" ಎಂದು ದುಂಡಗೆ ಬರೆದು, ಅಡಿಗೆರೆ ಬೇರೆ ಎಳೆದೆ.

ಹದಿನೈದು ದಿನಕ್ಕೆ ಉತ್ತರ ಬಂತು. ಹುಡುಗಿ ಇಷ್ಟವಾಗಿದ್ದಾಳೆ, ಈಗಲೇ ಕರೆಸಿಕೊಳ್ಳುತ್ತಿದ್ದೆವು, ಆದರೆ ಅಂಚಿನಲ್ಲಿ ಓಡುವವಳಿಗೆ ಈ ದೋಷ ಇರಕೂಡದು. ಹಾಸನದಲ್ಲಿ ಮಾರ್ಚಿ ಮೊದಲ ವಾರ ಕೊನೆಯ ಆಯ್ಕೆ. ಅಷ್ಟರೊಳಗೆ ಸರಿಹೋದರೆ ಹೊಸ ಫಾರಂ ತುಂಬಿ ಕರೆತನ್ನಿ, ಇಲ್ಲವಾದರೆ ಎರಡನೆಯ ಹುಡುಗಿಯನ್ನು ಕಳಿಸಿ. ಹೆಡ್‌ಮಾಸ್ತರು ಕಾಗದ ಓದಿ, "ಬಿಡಿ ಮಾರಾಯ್ರೇ, ಹುಟ್ಟುಗುಣ ಸುಟ್ಟರೂ ಹೋಗಲ್ಲ, ಅಂಗಡಿಯವರ ಮಗಳನ್ನೇ ಕಳ್ಸಿ" ಎಂದರು. ಆ ಗಾದೆ ನನ್ನನ್ನು ಕೆರಳಿಸಿತು. "ಸುಡೋದು ಬೇಡ ಸಾರ್, ನಾನು ಹೋಗಿಸ್ತೀನಿ" ಎಂದೆ.

ಡಿಸೆಂಬರಿನಲ್ಲಿ ಶುರು ಮಾಡಿದೆ. ಬೆಳಗ್ಗೆ ಆರೂವರೆಗೆ ಮೈದಾನ. ಅವಳು ಓಡುವಳು, ಹಿಂದೆ ನಾಲ್ಕು ಹುಡುಗಿಯರು ಡಬ್ಬ ಬಡಿಯುವರು, ನಾನು ಚೆಂಡು ಎಸೆಯುವೆ. ಮೊದಲ ವಾರ ಪ್ರತಿ ಸಲವೂ ನಿಂತಳು. ನಿಂತಾಗಲೆಲ್ಲ ಮೈದಾನಕ್ಕೆ ಎರಡು ಸುತ್ತು ಹೆಚ್ಚಿಗೆ ಓಡಿಸಿದೆ. ಎರಡನೆಯ ವಾರ ನಿಲ್ಲದೆ ತಡವರಿಸಿದಳು. "ಸದ್ದು ನಿನ್ನ ಶತ್ರು ಅಲ್ಲ ಕಣೇ, ಸದ್ದು ಬಂತು ಅಂದ್ರೆ ಚೆಂಡು ಬಂತು ಅಂತ. ಕೇಳ್ದಷ್ಟೂ ಜೋರಾಗಿ ಓಡು. ತುದಿಗಾಲಲ್ಲಿ ಓಡು" ಎಂದು ಅರಚಿ ಅರಚಿ ನನ್ನ ಗಂಟಲು ಹೋಯಿತು. ನನ್ನ ದುಡಿಮೆಯ ಮೇಲೆ ನನಗೇ ಹೆಮ್ಮೆ ಹತ್ತಿತ್ತು, ಇಲ್ಲ ಎನ್ನಲಾರೆ. ಕ್ಯಾನ್ವಾಸ್ ಶೂಸು ಕೊಡಿಸಿದೆ. ಮನೆಯಿಂದ ಬರುವಾಗ ಅವಳು ಎಸ್ಟೇಟಿನ ಆಳುಗಳ ಜೊತೆ ದೊಡ್ಡ ರಸ್ತೆಯಲ್ಲಿ ನಡೆದು ಬರುತ್ತಿದ್ದಳು. "ಅದ್ಯಾಕೆ ಟೈಮ್ ವೇಸ್ಟು, ತೋಟದ ಒಳದಾರಿ ಹಿಡಿದು ಓಡ್ಕೊಂಡೇ ಬಾ, ಅದೂ ಪ್ರಾಕ್ಟೀಸೇ" ಎಂದವನೂ ನಾನೇ.

ಜನವರಿಯ ಕೊನೆಗೆ ಅವಳ ತಾಯಿ ಮೈದಾನಕ್ಕೆ ಬಂದಳು. ಕೆಲಸಕ್ಕೆ ಹೊರಟವಳು ಹಾಗೇ ಬಂದಿದ್ದಳು, ಸೊಂಟಕ್ಕೆ ಹಣ್ಣು ಕೀಳುವ ಚೀಲ ಕಟ್ಟಿಕೊಂಡು. ಮಗಳು ಓಡುವುದನ್ನು, ಹಿಂದೆ ಡಬ್ಬ ಬಡಿಯುವುದನ್ನು ನಾಲ್ಕು ಸಲ ನೋಡಿದಳು. ಆಮೇಲೆ ನನ್ನ ಹತ್ತಿರ ಬಂದಳು.

"ಮೇಷ್ಟ್ರೇ, ಏನ್ ಬೇಕಾರೂ ಕಲ್ಸಿ. ಅದೊಂದು ಬುಡಿಸ್ಬ್ಯಾಡಿ."

"ಯಾವುದಮ್ಮ?"

"ನಿಂತ್ಕಳೋದು. ಅವ್ಳು ನಡೆಯಾಕೆ ಕಲ್ತಾಗ್ಲಿಂದ ಹೇಳ್ಕೊಟ್ಟಿವ್ನಿ. ನಮ್ಮವ್ವ ನಂಗೆ ಹೇಳ್ಕೊಟ್ಟಿದ್ದು."

ನಾನು ನಕ್ಕೆ. "ತಾಯಿ, ನಿಮ್ಮ ಮಗಳು ಇನ್ನು ಎರಡು ತಿಂಗಳಿಗೆ ಬೆಂಗಳೂರು ಸೇರ್ತಾಳೆ. ಅಲ್ಲಿಗೆ ಆನೆ ಬಸ್ಸು ಹತ್ಕೊಂಡು ಬರುತ್ತಾ?"

ಆಕೆ ನಗಲಿಲ್ಲ. "ಎಲ್ಡು ತಿಂಗ್ಳು ಇಲ್ಲೇ ಇರ್ತಾಳಲ್ಲ" ಎಂದಳು. ನಾನು ಸೀಟಿ ಊದಿ ಹುಡುಗಿಯರನ್ನು ಕರೆದೆ. ಆಕೆ ಚೀಲ ಬಿಗಿದುಕೊಂಡು ಕೆಲಸಕ್ಕೆ ಹೋದಳು.

ಫೆಬ್ರವರಿ ಮುಗಿಯುವ ಹೊತ್ತಿಗೆ ದೋಷ ಹೋಗಿತ್ತು. ಒಂದು ಬೆಳಿಗ್ಗೆ ಎಂಟು ಹುಡುಗಿಯರಿಂದ ಎಂಟು ಡಬ್ಬ ಬಡಿಸಿದೆ, ಮರದ ಮೇಲಿದ್ದ ಹಕ್ಕಿಗಳೆಲ್ಲ ಹಾರಿಹೋದವು. ಅವಳ ಹೆಜ್ಜೆ ಒಂದಿಷ್ಟೂ ಮುರಿಯಲಿಲ್ಲ. ಕತ್ತು ಹೊರಳಿಸಿ ಚೆಂಡು ಹಿಡಿದಳು, ಸದ್ದಿಲ್ಲ. ಏದುಸಿರು ಬಿಡುತ್ತ ಬಂದು, "ಸಾ, ಈಗ ಡಬ್ಬ ಕೇಳ್ಸೋದೇ ಇಲ್ಲ ಸಾ!" ಎಂದು ನಕ್ಕಳು. ಅವಳ ಮುಂದಿನ ಹಲ್ಲು ಒಂದು ಸೊಟ್ಟ ಇತ್ತು, ನಕ್ಕರೆ ಮಾತ್ರ ಕಾಣುತ್ತಿತ್ತು. ಅವತ್ತು ಸಂಜೆಯೇ ಹೊಸ ಫಾರಂ ತುಂಬಿದೆ. ದೋಷ ಎಂಬಲ್ಲಿ "ಇಲ್ಲ. ಸರಿಹೋಗಿದೆ" ಎಂದು ಬರೆದೆ. ಪೋಸ್ಟು ಹೋಗಿಬಿಟ್ಟಿತ್ತು, ನಾಳೆ ಹಾಕೋಣ ಎಂದು ಅಂಗಿ ಜೇಬಿಗೆ ಇಟ್ಟುಕೊಂಡೆ.

ಮಾರನೆಯ ಬೆಳಿಗ್ಗೆ ಮಂಜು ದಟ್ಟವಾಗಿತ್ತು. ಅದು ಕಾಫಿ ಹೂವಿಗೆಂದು ತೋಟಗಳಲ್ಲಿ ಸ್ಪ್ರಿಂಕ್ಲರ್ ಬಿಡುವ ಕಾಲ. ಎಲ್ಲ ಕಡೆ ಚಿಕ್ ಚಿಕ್ ಎಂದು ನೀರು ಸುತ್ತುತ್ತಿತ್ತು. ಆರೂವರೆ ಆಯಿತು, ಆರೂ ಮುಕ್ಕಾಲಾಯಿತು, ಅವಳು ಬರಲಿಲ್ಲ. ದೂರದ ತೋಟದಲ್ಲಿ ಯಾರೋ ಡಬ್ಬ ಬಡಿಯುವುದು ಕೇಳಿಸಿತು. ನನಗೆ ಕೇಳಿಸಿತು, ಸ್ವಾಮಿ. ಇದನ್ನು ನಾನು ಬೇರೆ ಯಾರಿಗೂ ಹೇಳಿಲ್ಲ, ಹೆಂಡತಿಗೂ ಹೇಳಿಲ್ಲ. ಕೇಳಿಸಿತು, ಗಡಿಯಾರ ನೋಡಿಕೊಂಡೆ, "ಆಯ್ಕೆ ಹತ್ತಿರ ಬಂತು ಅಂತ ಇವಳಿಗೆ ಕೊಬ್ಬು ಬಂದಿದೆ, ಬರಲಿ ಮಾಡ್ತೀನಿ" ಎಂದುಕೊಂಡೆ. ಬೈಯಬೇಕಾದ ಮಾತುಗಳನ್ನು ಬಾಯಲ್ಲಿ ಸಿದ್ಧ ಮಾಡಿಟ್ಟುಕೊಂಡು ಕಾದೆ.

ಏಳೂವರೆಗೆ ಎಸ್ಟೇಟಿನ ಕೆಲಸದವನೊಬ್ಬ ಸೈಕಲ್ಲಿನಲ್ಲಿ ಬಂದ. ಸೈಕಲ್ಲು ನಿಲ್ಲಿಸಲೂ ಆಗದೆ ಕೆಡವಿಬಿಟ್ಟ. "ಮೇಷ್ಟ್ರೇ, ನಿಮ್ ಹುಡ್ಗಿ... ಒಳದಾರೀಲಿ... ಹೋಗ್ಬುಟ್ಲು ಮೇಷ್ಟ್ರೇ." ಆಮೇಲೆ ಅವನೇ ಹೇಳಿದ. ಒಂಟಿ ಗಂಡಾನೆ. ಬೆಳಗಿನಿಂದ ವಾಚರ್ ಡಬ್ಬ ಬಡಿಯುತ್ತಲೇ ಇದ್ದ. ಆಳುಗಳೆಲ್ಲ ಅಲ್ಲಲ್ಲೇ ನಿಂತಿದ್ದರು. ಅವರಲ್ಲಿ ಯಾರಿಗೂ ಏನೂ ಆಗಲಿಲ್ಲ.

ನಾನು ಓಡಿದೆ. ಅವಳನ್ನು ನಾನು ಕಾಣುವ ಹೊತ್ತಿಗೆ ಕಂಬಳಿ ಹೊದಿಸಿದ್ದರು. ಕಂಬಳಿಯ ಅಂಚಿನಿಂದ ಒಂದು ಕೈ ಹೊರಗಿತ್ತು. ಅದನ್ನು ನೋಡಿ ನಾನು ಆ ಕಡೆ ತಿರುಗಿದೆ. ಅದರ ಬಗ್ಗೆ ಇಷ್ಟೇ ಬರೆಯಬಲ್ಲೆ.

ತಿರುಗಿದ ಕಡೆ ದಾರಿ ಇತ್ತು. ಸ್ಪ್ರಿಂಕ್ಲರ್ ನೀರಿಗೆ ಕೆಂಪು ಮಣ್ಣು ಮೆತ್ತಗಾಗಿ, ಅವಳ ಶೂಸಿನ ಗುರುತು ಅಚ್ಚೊತ್ತಿದ ಹಾಗೆ ಕಾಣುತ್ತಿತ್ತು. ಇಷ್ಟು ವರ್ಷ ನಾನು ಮಾಡಿದ ಕೆಲಸವೇ ಅದು, ಹೆಜ್ಜೆ ನೋಡಿ ಓಟ ಹೇಳುವುದು. ಬೇಡವೆಂದರೂ ಕಣ್ಣು ಓದಿತು. ಮನೆಯ ಕಡೆಯಿಂದ ಹೆಜ್ಜೆಗಳು ಬಂದಿದ್ದವು, ಉದ್ದುದ್ದ, ಒಂದರಿಂದ ಒಂದಕ್ಕೆ ಒಂದೇ ಅಂತರ. ಹಿಮ್ಮಡಿ ಮುಟ್ಟಿಲ್ಲ, ತುದಿ ಮಾತ್ರ ಆಳಕ್ಕೆ ಇಳಿದಿದೆ. ನಿಂತವರು ಎರಡು ಕಾಲು ಜೋಡಿಸುತ್ತಾರೆ. ಜೋಡಿ ಹೆಜ್ಜೆ ಎಲ್ಲಾದರೂ ಒಂದು ಕಡೆ ಇದ್ದೀತೆಂದು ದಾರಿಯುದ್ದಕ್ಕೂ ಬಗ್ಗಿ ಬಗ್ಗಿ ಹುಡುಕಿದೆ. ವಾಚರ್ ಕೂತಿದ್ದ ಅಟ್ಟಣೆಯ ಹತ್ತಿರ ಹುಡುಕಿದೆ, ಅಲ್ಲಿ ಸದ್ದು ಕೇಳದೆ ಇರಲು ಸಾಧ್ಯವೇ ಇಲ್ಲ. ಅಲ್ಲಿಂದ ಮುಂದೆ ಹೆಜ್ಜೆಯ ಅಂತರ ಇನ್ನೂ ಹೆಚ್ಚಾಗಿತ್ತು. ಸದ್ದು ಕೇಳಿ ಅವಳು ಜೋರಾಗಿ ಓಡಿದ್ದಳು. ತಿರುವಿನಲ್ಲಿ ಎಡಗಡೆ ಕಾಫಿ ಗಿಡ ಮುರಿದು ದೊಡ್ಡ ದುಂಡು ಗುರುತುಗಳು ದಾರಿಗೆ ಇಳಿದಿದ್ದವು. ಅಲ್ಲಿಯ ತನಕ ಒಂದು ಹೆಜ್ಜೆಯೂ ತಪ್ಪಿರಲಿಲ್ಲ. ಅಷ್ಟು ಚೆಂದದ ಓಟ ನಾನು ಮೈದಾನದಲ್ಲಿ ಯಾವತ್ತೂ ನೋಡಿರಲಿಲ್ಲ.

ತಲೆ ಎತ್ತಿದರೆ ತಾಯಿ ನಿಂತಿದ್ದಳು. ಅಳುತ್ತಿರಲಿಲ್ಲ. ಸೊಂಟದಲ್ಲಿ ಅದೇ ಚೀಲ.

"ಮೇಷ್ಟ್ರೇ, ನೀವು ಹೆಜ್ಜೆ ನೋಡಿ ಹೇಳ್ತೀರಂತೆ. ಮಗಾ ಹೇಳ್ತಿತ್ತು. ನಿಂತಿದ್ಲಾ?"

ನನ್ನ ಜೇಬಿನಲ್ಲಿ ಆ ಫಾರಂ ಇತ್ತು. ಅದರ ಮಡಿಕೆ ಎದೆಗೆ ಚುಚ್ಚುತ್ತಿತ್ತು.

"ನಿಂತಿದ್ಲು ತಾಯಿ" ಎಂದೆ. "ನೀವು ಹೇಳಿಕೊಟ್ಟ ಹಾಗೇ ನಿಂತಿದ್ಲು. ಎರಡು ಕಾಲು ಜೋಡಿಸಿ."

ಆಕೆ ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಸರಿ ಎನ್ನುವ ಹಾಗೆ ತಲೆಯಾಡಿಸಿ ಕಂಬಳಿಯ ಹತ್ತಿರ ಹೋಗಿ ಕೂತಳು. ಸಮಾಧಾನವಾಯಿತೇನೋ ಎಂದು ನಾನು ಅಂದುಕೊಂಡೆ. ಆ ಸುಳ್ಳು ನಾನು ಮಾಡಿದ ಒಂದು ಒಳ್ಳೆಯ ಕೆಲಸವೆಂದು ಎಷ್ಟೋ ವರ್ಷ ನಂಬಿದ್ದೆ. ಬೇರೆ ನಂಬಿಕೊಳ್ಳಲು ನನ್ನ ಹತ್ತಿರ ಏನೂ ಇರಲಿಲ್ಲ.

ಹಾಸನಕ್ಕೆ ಅಂಗಡಿಯವರ ಮಗಳು ಹೋದಳು, ಆಯ್ಕೆಯೂ ಆದಳು. ಒಳ್ಳೆಯ ಹುಡುಗಿ, ಈಗಲೂ ಊರಿಗೆ ಬಂದರೆ ಸ್ವೀಟು ಹಿಡಿದುಕೊಂಡು ಬಂದು ಕಾಲಿಗೆ ಬೀಳುತ್ತಾಳೆ. ಅವಳು ಬಗ್ಗಿದಾಗ ನನಗೆ ಇನ್ನೊಬ್ಬಳು ಬಗ್ಗಿದ ಹಾಗಾಗಿ ಎರಡು ಹೆಜ್ಜೆ ಹಿಂದೆ ಸರಿಯುತ್ತೇನೆ. ಹ್ಯಾಂಡ್‌ಬಾಲ್ ಆಡಿಸುವುದನ್ನು ಬಿಟ್ಟೆ. ಬದಲಿಗೆ ಮಕ್ಕಳಿಗೆ ಲೇಜಿಮ್ಮು, ಕವಾಯತು ಹೇಳಿಕೊಟ್ಟುಕೊಂಡು ಇದ್ದೆ. ಡಬ್ಬ ಯಾರೂ ಮುಟ್ಟಬಾರದೆಂದು ಕಟ್ಟಪ್ಪಣೆ ಮಾಡಿದ್ದೆ. ಹೊಸದಾಗಿ ಬಂದ ಮೇಷ್ಟ್ರುಗಳು ಇವನಿಗೇನೋ ಹುಚ್ಚು ಎಂದು ನಗುತ್ತಿದ್ದರು.

ಆರೇಳು ವರ್ಷ ಕಳೆದಿರಬೇಕು. ನನಗೆ ವರ್ಗವಾಗಿತ್ತು. ಸಾಮಾನು ಕಟ್ಟಿ ಮುಗಿಸಿ, ಬಾಳ್ಳುಪೇಟೆಯ ಬಸ್ ಸ್ಟಾಪಿನಲ್ಲಿ ಮಧ್ಯಾಹ್ನದ ಹೊತ್ತು ನಿಂತಿದ್ದೆ. ಪಕ್ಕದಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ತಲೆ ಪೂರ್ತಿ ನೆರೆತಿತ್ತು. ಕೈ ನೋಡಿ ಗುರುತು ಹಿಡಿದೆ. ಮಗಳ ಕೈಯೇ.

"ವರ್ಗ ಆಯ್ತಂತೆ" ಎಂದಳು.

"ಹೌದು ತಾಯಿ. ಚೆನ್ನಾಗಿದೀರಾ?"

"ಇವ್ನಿ." ಮಂಗಳೂರಿನ ಕಡೆಯ ಲಾರಿಯೊಂದು ಹಾದುಹೋಯಿತು. "ಒಂದ್ ಮಾತು ಕೇಳ್ಬೇಕಿತ್ತು ಮೇಷ್ಟ್ರೇ. ಮತ್ತೆ ನೀವ್ ಸಿಕ್ತಿರೋ ಇಲ್ವೋ. ಅವತ್ತು ನಿಂತಿದ್ಲು ಅಂದ್ರಲ್ಲ, ಯಾಕಂದ್ರಿ?"

ಕೈಯಲ್ಲಿದ್ದ ಚೀಲ ಕೆಳಗಿಟ್ಟೆ.

"ನಿಮ್ಗಿಂತ ಮುಂಚೆ ಆ ದಾರೀಲಿ ಹೋದೋಳು ನಾನು. ವಾಚರ್ ಕೂಗಿದ್ ತಕ್ಷಣ ಮೊದ್ಲು ಓಡಿದ್ದು ನಾನೇ ಅಲ್ವಾ. ಹೆಜ್ಜೆ ನಂಗೂ ಓದಾಕೆ ಬತ್ತೈತೆ. ತ್ವಾಟದೋರಲ್ವಾ ನಾವು."

"ಮತ್ತೆ... ನನ್ನ ಯಾಕೆ ಕೇಳಿದಿರಿ ತಾಯಿ?"

"ನಿಮ್ ಬಾಯಲ್ಲಿ ಬರ್ಲಿ ಅಂತ ಕೇಳ್ದೆ."

ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಆಲೂರಿನ ಬಸ್ಸು ಬಂತು. ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಂಬಿ ಹಿಡಿದು ಹತ್ತಿದಳು. ಒಳಗೆ ಹೋಗುವ ಮುಂಚೆ ಒಂದು ಗಳಿಗೆ ಮೆಟ್ಟಿಲ ಮೇಲೆ ನಿಂತಳು. ನಾನು ನಿಜ ಹೇಳಲಿ ಎಂದೇ ನಿಂತದ್ದು ಎಂದು ಈಗ ಅನ್ನಿಸುತ್ತದೆ. ಇಡೀ ಜೀವಮಾನ ಅರಚಿದ ನನ್ನ ಬಾಯಿ ಅವತ್ತು ತೆರೆಯಲಿಲ್ಲ. ಕಂಡಕ್ಟರು ಸೀಟಿ ಊದಿದ, ಬಸ್ಸು ಹೋಯಿತು.

ಆಕೆ ಈಗ ಇದ್ದಾಳೋ ಇಲ್ಲವೋ ಗೊತ್ತಿಲ್ಲ. ಅಕ್ಷರ ಬಾರದವಳು, ಇದ್ದರೆ ಯಾರಾದರೂ ಓದಿ ಹೇಳಿ. ಫಾರಂ ಇನ್ನೂ ನನ್ನ ಹತ್ತಿರವೇ ಇದೆ. ಪೋಸ್ಟಿಗೆ ಹಾಕಲೂ ಇಲ್ಲ, ಹರಿಯಲೂ ಇಲ್ಲ. ದೋಷ ಎಂಬ ಕಾಲಮ್ಮಿನಲ್ಲಿ "ಇಲ್ಲ. ಸರಿಹೋಗಿದೆ" ಎಂದೇ ಇದೆ.

ನಿಲ್ಲಲಿಲ್ಲ ತಾಯಿ. ಡಬ್ಬ ಕೇಳಿಸಿತು, ಕೇಳಿಸಿದ್ದಕ್ಕೇ ಓಡಿದಳು. ನಾನು ಹೇಳಿಕೊಟ್ಟ ಹಾಗೇ ಓಡಿದಳು.